ಕಾಣೆಯಾದ ಕಿಣ್ವದ ಸೀಸೆ

ಸೋಮವಾರ ಬೆಳಗ್ಗೆ 9.40. ಔಷಧ ಪರೀಕ್ಷಾಲಯದ ಮುಖ್ಯಸ್ಥರು ಏದುಸಿರು ಬಿಡುತ್ತ ಠಾಣೆಗೆ ಬಂದರು. ಫ್ರೀಜರಿನಲ್ಲಿಟ್ಟಿದ್ದ ಕಿಣ್ವದ ಸೀಸೆ ಕಾಣೆಯಾಗಿತ್ತು.

"ಕಿಣ್ವ ಅಂದ್ರೆ?" ಇನ್‌ಸ್ಪೆಕ್ಟರ್ ಕೇಳಿದರು.

"ನಮ್ಮ ಲಿವರಿನಲ್ಲಿರುತ್ತೆ ಸಾರ್. ಕೊಬ್ಬಿನಲ್ಲಿರೋ ಎಸ್ಟರು ಅನ್ನೋ ಅಂಶಗಳನ್ನ, ಔಷಧಿಗಳನ್ನ ಒಡೆಯುತ್ತೆ. ಕೆಲವು ಮಾತ್ರೆ ಅದು ಒಡೆದ ಮೇಲೇ ಕೆಲಸ ಮಾಡೋದು."

"ಕದ್ದವನಿಗೆ ಅಜೀರ್ಣ ಇರ್ಬೇಕು," ಪೇದೆ ಗೊಣಗಿದ. ಇನ್‌ಸ್ಪೆಕ್ಟರ್ ನಗು ನುಂಗಿಕೊಂಡು ಎಫ್‌ಐಆರ್ ಬರೆಸಿದರು.

11.15ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಮುಖ್ಯಸ್ಥರು ಮತ್ತು ತಂತ್ರಜ್ಞೆ, ಇಬ್ಬರ ಬಳಿ ಮಾತ್ರ. ಔಷಧ ಅಳೆಯುವ ಯಂತ್ರದ ದಾಖಲೆ ತಡಕಿದಾಗ, ಕಳೆದ ತಿಂಗಳು 12ನೇ ತಾರೀಖು, ರಜೆಯ ದಿನ, ಕಡತದಲ್ಲಿಲ್ಲದ ಎರಡು ಪರೀಕ್ಷೆಗಳು ಸಿಕ್ಕವು: 'ಅ-1', 'ಅ-2'. ಅಂದು ಮುಖ್ಯಸ್ಥರು ಪರವೂರಿನಲ್ಲಿದ್ದರು.

ತಂತ್ರಜ್ಞೆಯನ್ನು ಕರೆಸಿದರು.

"ಈ 'ಅ' ಯಾರಮ್ಮ?"

"ಅತ್ತೆ, ಸಾರ್."

"ಸೀಸೆ?"

"ನಾನೇ ತಗೊಂಡೆ."

ಅತ್ತೆ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದರೂ ಒತ್ತಡ ಇಳಿದಿರಲಿಲ್ಲ. ಮಾತ್ರೆ ಎಸೆಯುತ್ತಾರೆಂದು ವೈದ್ಯರು ಗದರಿದರು. ಸ್ವಂತ ಮಗನೂ ಹೂಂಗುಟ್ಟಿದ. ಪರೀಕ್ಷಾಲಯದಲ್ಲೇ ಅತ್ತೆಯ ರಕ್ತ ಪರೀಕ್ಷೆ ಮಾಡಲೇ ಎಂದು ಸೊಸೆ ಎರಡು ಸಲ ಕೇಳಿದ್ದಳು. ಮನೆಯವರ ಕೆಲಸಕ್ಕೆ ಇದು ಜಾಗವಲ್ಲ ಎಂದಿದ್ದರು ಮುಖ್ಯಸ್ಥರು.

"ಸೀಸೆಯ ಕಿಣ್ವ ಬೆರೆಸಿದಾಗ ಮಾತ್ರೆ ಒಡೀತು ಸಾರ್. ಅತ್ತೆ ರಕ್ತದಲ್ಲಿ ಮಾತ್ರ ಒಡೆಯದೆ ಹಾಗೇ ಇತ್ತು. ಅಂದ್ರೆ ಮಾತ್ರೆ ಸರಿಯಾಗೇ ಇತ್ತು, ಅವರು ನುಂಗಿದ್ದೂ ನಿಜ."

ಇನ್‌ಸ್ಪೆಕ್ಟರ್ ವೈದ್ಯರಿಗೆ ಫೋನ್ ಮಾಡಿದರು. ಸೊಸೆ ತಂದು ತೋರಿಸಿದ ಫಲಿತಾಂಶ ನೋಡಿ ಮತ್ತೆ ಪರೀಕ್ಷಿಸಿದ್ದಾಗಿ ವೈದ್ಯರು ಒಪ್ಪಿಕೊಂಡರು. ಅತ್ತೆಯ ಕಿಣ್ವ ಹುಟ್ಟಿನಿಂದಲೇ ಸೋಮಾರಿ. ಬೇರೆ ಮಾತ್ರೆ ಕೊಟ್ಟು ಮೂರು ವಾರವಾಗಿತ್ತು. ಒತ್ತಡ ಹದಕ್ಕೆ ಬಂದಿತ್ತು.

ಮಧ್ಯಾಹ್ನ 2.30ಕ್ಕೆ ಬಂಧನ. ಅಷ್ಟರಲ್ಲಿ ಅತ್ತೆ ಠಾಣೆಯ ಮೆಟ್ಟಿಲು ಸರಸರನೆ ಹತ್ತಿ ಬಂದರು.

"ಏನಪ್ಪಾ, ರಕ್ತ ಕೊಟ್ಟವಳು ನಾನು. ನನ್ನನ್ನೂ ಒಳಗೆ ಹಾಕು!"

"ಅತ್ತೆ, ಸುಮ್ನಿರಿ! ಬಿಪಿ ಏರುತ್ತೆ."

"ಏರಲಿ ನೋಡೋಣ. ಮಾತ್ರೆ ತಗೊಂಡೇ ಬಂದಿದೀನಿ."

ಠಾಣೆಗೆ ಠಾಣೆಯೇ ನಕ್ಕಿತು. ದೂರು ಕೊಟ್ಟ ಮುಖ್ಯಸ್ಥರೂ ನಕ್ಕು, ಕಣ್ಣೊರೆಸಿಕೊಂಡು, ತಾವೇ ಜಾಮೀನಿಗೆ ನಿಲ್ಲುವುದಾಗಿ ಹೇಳಿದರು. ನ್ಯಾಯಾಧೀಶರು ಸಂಜೆಯೇ ಜಾಮೀನು ಕೊಟ್ಟರು. ಅತ್ತೆ-ಸೊಸೆ ಕೈಕೈ ಹಿಡಿದು ಮನೆಗೆ ನಡೆದರು.

ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಬರೆದರು: 'ಎಲ್ಲರೂ ಸುಳ್ಳುಗಾತಿ ಎಂದ ಹೆಂಗಸನ್ನು ಆರೋಪಿ ನಂಬಿದ್ದಳು.'