ಎಂಟನೆಯ ಜೋಡಿ ಎಲ್ಲಿ?

ಬೆಳಗ್ಗೆ ಹನ್ನೊಂದಕ್ಕೆ ಪ್ರಯೋಗಾಲಯದಲ್ಲಿ ಗದ್ದಲ. ಮನುಷ್ಯರ ಯಕೃತ್ತಿಗೆ ರೋಗ ತರುವ ಚಪ್ಪಟೆ ಹುಳು. ಅದರ ಬಂಧುಗಳಿಗೆಲ್ಲ ಎಂಟು ಜೋಡಿ ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು. ಹೊಸ ರೋಗಿಯಿಂದ ಬಂದ ಹುಳುವಿನಲ್ಲಿ ಏಳೇ ಜೋಡಿ!

"ಸ್ಲೈಡು ಕೆಡಿಸಿದ್ದಾರೆ. ಇನ್ನೂರನ್ನೂ ಎಸೀಬೇಕು. ಇವರನ್ನ ಈ ಕೆಲಸದಿಂದ ತೆಗೀತೀನಿ," ಎಂದರು ಮುಖ್ಯಸ್ಥರು.

ಆರೋಪಿ—ಮೂವತ್ತು ವರ್ಷದಿಂದ ಸ್ಲೈಡು ಮಾಡುತ್ತಿರುವ ತಂತ್ರಜ್ಞೆ. ಎಲ್ಲರೂ ಅವರನ್ನು ಸ್ಲೈಡಕ್ಕ ಎನ್ನುತ್ತಿದ್ದರು. ಅಕ್ಕ ಸ್ಲೈಡಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೂತಿದ್ದರು.

ಪಕ್ಕದ ವಿಭಾಗದಿಂದ ನಮ್ಮ ಮೇಡಂ ಬಂದರು. ಹನ್ನೆರಡು ವರ್ಷದಿಂದ ನಾನು ಅವರ ಸಹಾಯಕ. ಅವರು ನೇರವಾಗಿ ಅಕ್ಕನ ಎದುರು ಕೂತರು.

"ಎಷ್ಟು ಕೋಶ ಎಣಿಸಿದ್ರಿ?"

"ನಲವತ್ತು, ಮೇಡಂ."

"ಎಲ್ಲದರಲ್ಲೂ ಏಳೇ?"

"ಒಂದರಲ್ಲೂ ಹೆಚ್ಚುಕಡಿಮೆ ಇಲ್ಲ."

ಮೇಡಂ ಹುಬ್ಬೇರಿಸಿದರು. "ಬೇರೇನಾದ್ರೂ ಕಂಡಿತೇ?"

ಅಕ್ಕ ಮುಖ್ಯಸ್ಥರತ್ತ ನೋಡಿ ತಡವರಿಸಿದರು. "ಒಂದು ಜೋಡಿ ವಿಪರೀತ ಉದ್ದ. ಸರ್‌ಗೆ ಹೇಳ್ದೆ. ಅವರಿಗೆ ಪುರುಸೊತ್ತಿರಲಿಲ್ಲ."

ಮೇಡಂ ಅಕ್ಕನ ಸ್ಲೈಡುಗಳಿಗೇ ವರ್ಣತಂತುಗಳ ತುದಿಗಳು ಮಾತ್ರ ಹೊಳೆಯುವ ಬಣ್ಣ ಹಾಕಿಸಿದರು. ಮೂರನೆಯ ದಿನ ಎಲ್ಲರನ್ನೂ ಕರೆದರು.

"ಕೋಶ ಒಡೆದು ಒಂದು ಜೋಡಿ ಕಳೆದುಹೋಗಿದ್ರೆ, ಒಂದೊಂದರಲ್ಲಿ ಒಂದೊಂದು ಲೆಕ್ಕ ಬರ್ತಿತ್ತು. ನಲವತ್ತರಲ್ಲೂ ಏಳು ಅಂದ್ರೆ ಕೈತಪ್ಪಲ್ಲ. ಈಗ ಆ ಉದ್ದದ್ದನ್ನ ನೋಡಿ. ಎರಡು ತುದಿ ಹೊಳೀತಿದೆ. ಮತ್ತೆ?"

ನಾನು ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದೆ. "ನಡುವೆಯೂ ಒಂದು ಚುಕ್ಕೆ!"

"ತುದಿಯ ಗುರುತು ನಡುವೆ ಯಾಕಿದೆ? ಒಂದು ಕಾಲಕ್ಕೆ ಅದೂ ತುದಿಯೇ ಆಗಿತ್ತು! ಎಂಟನೆಯದು ಕಳುವಾಗಿಲ್ಲ. ಈ ಹುಳುವಿನ ಪೂರ್ವಜರಲ್ಲಿ ಯಾವಾಗಲೋ ಇನ್ನೊಂದರ ಜೊತೆ ಕೂಡಿಕೊಂಡಿದೆ. ಇದು ಬೇರೆಯೇ ವಂಶ. ಈ ರೋಗ ಎಲ್ಲಿಂದೆಲ್ಲಿಗೆ ಹಬ್ತಿದೆ ಅಂತ ಹುಡುಕೋಕೆ ಗುರುತು ಸಿಕ್ತು."

ಎಲ್ಲರೂ ಸೂಕ್ಷ್ಮದರ್ಶಕಕ್ಕೆ ಮುಗಿಬಿದ್ದರು. ಸಾಸಿವೆಗಿಂತ ಸಾವಿರ ಪಾಲು ಸಣ್ಣ ಜಾಗದಲ್ಲಿ ಅಷ್ಟು ಹಳೆಯ ಬೆಸುಗೆ!

"ಹಾಗಾದ್ರೆ ತಪ್ಪು ಯಾರದು?" ಮುಖ್ಯಸ್ಥರ ದನಿ ಇಳಿದಿತ್ತು.

"ನಿಮ್ಮದೇ, ಸರ್. ಎಂಟೇ ಇರಬೇಕು ಅಂತ ಹಟ ಹಿಡಿದು, ಕಣ್ಣಾರೆ ಕಂಡ ಅಕ್ಕನ ಮಾತು ಕೇಳಲಿಲ್ಲ. ಇಷ್ಟು ಸ್ವಚ್ಛವಾದ ಸ್ಲೈಡು ನಾನು ಬೇರೆಲ್ಲೂ ನೋಡಿಲ್ಲ. ಇಲ್ಲಾಂದ್ರೆ ಆ ಚುಕ್ಕೆ ಕಾಣ್ತಿರಲಿಲ್ಲ."

ಮುಖ್ಯಸ್ಥರು ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕೂತರು. "ಕ್ಷಮಿಸಿ, ಅಕ್ಕಾ. ಮೊದಲನೇ ಸ್ಲೈಡಿಂದ ತೋರಿಸ್ತೀರಾ?"

"ಇನ್ನೂರಿದೆ, ಸರ್," ಅಕ್ಕ ಕಣ್ಣೊರೆಸಿಕೊಂಡು ನಕ್ಕರು. "ಇವತ್ತಾದ್ರೂ ಪುರುಸೊತ್ತಿದೆಯಾ?"