ಸೋರುವ ಸದ್ದಿಗೆ ಬಂದ ಬೀವರ್

ಬಲು ಹಿಂದೆ, ಯಾರೂ ಕೇಳದಿದ್ದರೂ ಹಕ್ಕಿಗಳು ಬುದ್ಧಿ ಹೇಳುತ್ತಿದ್ದ ಕಾಲದಲ್ಲಿ, ಏಳುತೊರೆ ಎಂಬ ರಾಜ್ಯವಿತ್ತು. ಅಲ್ಲಿ ಬಿದಿರು ಹೆಣೆಯುವ ಸಂಕವ್ವನೂ ಅವಳನ್ನು ಸಾಕಿ ಬೆಳೆಸಿದ ಅಣ್ಣ ದುಗ್ಗಪ್ಪನೂ ಇದ್ದರು. ದುಗ್ಗಪ್ಪನಿಗೊಂದು ಗೀಳು: ಎಲ್ಲಿ ನೀರು ಸೋರಿದರೂ ಸುಮ್ಮನಿರಲಾರ. ಊರವರ ಮಾಡು, ಕಾಲುವೆ, ನೀರು ತುಂಬಿಡುವ ಗುಡಾಣ, ಎಲ್ಲಕ್ಕೂ ಮಣ್ಣು ಮೆತ್ತುವವನು ಅವನೇ. ಒಬ್ಬರಾದರೂ ‘ಉಪಕಾರವಾಯ್ತಪ್ಪ’ ಎನ್ನಬೇಕಲ್ಲ? ಊಹೂಂ!

ಊರ ನೀರೆಲ್ಲ ತನಗೇ ಬೇಕೆನ್ನುವ ಒಣನಾಲಗೆ ಎಂಬ ಮಾಂತ್ರಿಕನೊಬ್ಬನಿದ್ದ. ಅವನಿಗೆ ಬೇಕಾದದ್ದೂ ಅದೇ. ಯಾರ ಉಪಕಾರವನ್ನು ಯಾರೂ ನೆನೆಯುವುದಿಲ್ಲವೋ ಅವರಿಗೆ ಮಾತ್ರ ಅವನ ಮಂತ್ರ ತಾಗುತ್ತಿತ್ತು. ದುಗ್ಗಪ್ಪನನ್ನು ಬೀವರ್ ಮಾಡಿಬಿಟ್ಟ. ಅದೇ, ಮರ ಕಡಿದು ಹೊಳೆಗೆ ಕಟ್ಟೆ ಕಟ್ಟುವ ಹಲಗೆಬಾಲದ ಪ್ರಾಣಿ! ಅದು ಹೊಳೆಗೆ ಅಡ್ಡ ಕಟ್ಟೆ ಕಟ್ಟಿದ್ದೇ ನೀರೆಲ್ಲ ಮಾಂತ್ರಿಕನ ಕೊಳ ಸೇರಿತು, ಊರ ಬಾವಿಗಳು ಬತ್ತಿದವು.

ರಾಜ ಡಂಗುರ ಹೊಡೆಸಿದ: “ನಾಲ್ಕನೆಯ ದಿನ ಆ ಪ್ರಾಣಿಯನ್ನು ಕೊಲ್ಲಿಸುತ್ತೇನೆ!”

ಮಿಂಚುಳ್ಳಿಯೊಂದು ಸಂಕವ್ವನ ಬಳಿ ಬಂದು ಹೇಳಿತು: “ಅದು ನಿನ್ನಣ್ಣ ಕಣೇ. ದಡದಿಂದ ಕೂಗಿದರೆ ಬಾಲ ಬಡಿದು ಮುಳುಗುತ್ತಾನೆ. ಜೀವಂತ ಹಿಡಿದು, ಕಿವಿಯಲ್ಲಿ ಉಪಕಾರ ನೆನೆ. ಮಂತ್ರ ಬಿಡುತ್ತೆ.”

ಸಂಕವ್ವ ದೊಡ್ಡದೊಂದು ಕೂಳಿ ಹೆಣೆದಳು. ಮೀನು ಹಿಡಿಯುವ ಬುಟ್ಟಿಯ ಹಾಗೆ, ಒಳಹೋಗಲು ದಾರಿಯುಂಟು, ಹೊರಬರಲು ಇಲ್ಲ.

ಮೊದಲ ದಿನ ಅದರೊಳಗೆ ಅತ್ತಿಯ ಹಸಿಕೊಂಬೆ ಇಟ್ಟಳು. ಬೀವರ್ ಹೊರಗಿನಿಂದಲೇ ಎಳೆದು ತಿಂದು ಹೋಯಿತು.

“ಊಟ ಹಾಕಿದೆ, ಎಲೆಅಡಿಕೆನೂ ಕೊಡು!” ಮಿಂಚುಳ್ಳಿ ನಕ್ಕಿತು.

ಎರಡನೆಯ ದಿನ ನೀರಿನ ಮೇಲೆ ಗುಳ್ಳೆಗಳ ಸಾಲು ಕಂಡಿತು. ಬೀವರ್ ಓಡಾಡುವ ದಾರಿ ಅದೇ! ಅಲ್ಲಿ ಕೂಳಿ ಮುಳುಗಿಸಿ, ಎರಡೂ ಕಡೆ ಗೂಟ ನೆಟ್ಟಳು. ಬೀವರ್ ಕೂಳಿಯ ಮೇಲೆಯೇ ಈಜಿ ದಾಟಿತು.

“ಮೇಲೊಂದು ದಿಮ್ಮಿ ಅಡ್ಡ ಹಾಕಿದ್ರೆ ಅಡಿಯಲ್ಲಿ ನುಸುಳ್ತಿದ್ದ, ಜಾಣೆ!” ಎಂದಿತು ಮಿಂಚುಳ್ಳಿ.

ಮೂರನೆಯ ಬೆಳಗ್ಗೆ ಸಂಕವ್ವ ಹಣೆ ಚಚ್ಚಿಕೊಂಡಳು. ಪ್ರಾಣಿಯನ್ನು ನೋಡುತ್ತ ಅಣ್ಣನನ್ನೇ ಮರೆತಿದ್ದೆನಲ್ಲ! ಕಟ್ಟೆಯನ್ನು ಗೇಣಗಲ ಕಿತ್ತಳು. ಗಂಡಿಯ ಮುಂದೆ ಕೂಳಿ, ಅದರ ಬಾಯಿಗೆ ಅಡ್ಡ ದಿಮ್ಮಿ. ಒಳಗೆ ಸಿಕ್ಕವನು ಉಸಿರಾಡಲೆಂದು ಕೂಳಿಯ ಹಿಂಭಾಗ ಮಾತ್ರ ನೀರಿನ ಮೇಲೆ.

ಗುಳುಗುಳು ಸೋರುವ ಸದ್ದು. ತಡೆಯಲಾದೀತೇ? ಎದೆಗೆ ಮಣ್ಣು ಅವಚಿಕೊಂಡು ಬೀವರ್ ಧಾವಿಸಿತು, ದಿಮ್ಮಿಯಡಿ ನುಸುಳಿತು, ಒಳಗೆ ಸಿಕ್ಕಿತು. ಕಟಕಟ ಬಿದಿರು ಕಡಿಯತೊಡಗಿತು. ಸಂಕವ್ವ ಕೂಳಿಯನ್ನೇ ತಬ್ಬಿಕೊಂಡಳು.

“ಅಣ್ಣಾ, ಎಷ್ಟು ಮಳೆಗಾಲ ಕಳೀತು, ನನ್ನ ಚಾಪೆ ಒಮ್ಮೆಯೂ ಒದ್ದೆಯಾಗಲಿಲ್ಲ. ಅದು ನಿನ್ನಿಂದ. ಇಷ್ಟು ದಿನ ಹೇಳಲಿಲ್ಲ. ಉಪಕಾರವಾಯ್ತಣ್ಣಾ.”

ಬಾಲ ಹಣ್ಣೆಲೆಯಂತೆ ಉದುರಿತು. ಕೂಳಿಯಲ್ಲಿ ದುಗ್ಗಪ್ಪ ಕೂತಿದ್ದ, ಕೈತುಂಬ ಮಣ್ಣು.

“ಸಂಕೀ, ಅಲ್ಲಿ ಸೋರ್ತಿದೆಯಲ್ಲೇ! ಬಿಡು, ಮೆತ್ತಿ ಬರ್ತೀನಿ!”

“ಸುಮ್ಕಿರೋ ಮಾರಾಯ, ಸೋರಲಿ!”

ಇಬ್ಬರೂ ದಡ ಹತ್ತುತ್ತಲೇ ಗಂಡಿ ಅಗಲವಾಗಿ ಕಟ್ಟೆ ಒಡೆಯಿತು. ಕೊಳದ ನೀರಿನ ಜೊತೆ ಮಾಂತ್ರಿಕನೂ ಕೊಚ್ಚಿಹೋದ. ಬಾವಿಗಳು ತುಂಬಿದವು. ರಾಜನಿಂದ ಹಿಡಿದು, ದುಗ್ಗಪ್ಪ ಗುಡಾಣಕ್ಕೆ ಮಣ್ಣು ಮೆತ್ತಿಕೊಟ್ಟಿದ್ದ ಅಜ್ಜಿಯವರೆಗೆ ಎಲ್ಲರೂ ಬಂದು ಅಣ್ಣತಂಗಿಗೆ ಕೈಮುಗಿದರು.

ಅಂದಿನಿಂದ ಏಳುತೊರೆಯಲ್ಲಿ ನೀರು ಕುಡಿಯುವ ಮುನ್ನ ‘ಉಪಕಾರವಾಯ್ತು’ ಎನ್ನದವರಿಲ್ಲ. ಆ ಮಾತು ಕೇಳಿದಾಗಲೆಲ್ಲ ದುಗ್ಗಪ್ಪ ನಾಚಿ, ಸೋರುವ ಮಡಕೆ ಎಲ್ಲಿದೆಯೆಂದು ಹುಡುಕುತ್ತ ಎದ್ದುಹೋಗುತ್ತಿದ್ದ. ಹಾಗೆಯೇ ಎಲ್ಲರೂ ತಣ್ಣಗೆ ಬಾಳಿದರು.