ಪರದೆಯಲ್ಲಿ ಕಾಣದ ನಂಬರ್

"ಯಾರ್ರೀ ಅದು? ಯಾರ ಜೇಬಲ್ಲಿದೆ ಫೋನು?!"

ಅವಳ ಕೂಗಿಗೆ ಕುಸಿದ ಕಟ್ಟಡದ ಮೇಲಿದ್ದ ಇಪ್ಪತ್ತು ಮಂದಿಯೂ ಕೆಲಸ ಬಿಟ್ಟು ನಿಂತರು.

ಸಿಟ್ಟು ಬರದೆ ಇನ್ನೇನು? ಭೂಕಂಪವಾಗಿ ಎರಡು ದಿನ. ಆರು ಮಹಡಿಯ ಕಟ್ಟಡ ಒಂದು ಗುಡ್ಡೆಯಾಗಿ ಬಿದ್ದಿತ್ತು. ಅದರಡಿ ಯಾರಾದರೂ ಸಿಕ್ಕಿಕೊಂಡಿದ್ದು, ಅವರ ಬಳಿ ಮೊಬೈಲ್ ಇನ್ನೂ ಆನ್ ಇದ್ದರೆ, ಅವಳ ಬೆನ್ನ ಮೇಲಿನ ಯಂತ್ರ ಅದರ ಸಿಗ್ನಲ್ ಹಿಡಿಯುತ್ತಿತ್ತು. ಕೈಯಲ್ಲಿನ ಪರದೆಯ ಮೇಲೆ ನಂಬರಿನ ಕೊನೆಯ ನಾಲ್ಕು ಅಂಕಿ, ಯಾವ ಕಡೆ, ಎಷ್ಟು ಮೀಟರ್ ದೂರ... ಅಷ್ಟೇ ಕಾಣುತ್ತಿದ್ದದ್ದು. ಅಷ್ಟನ್ನೇ ನೆಚ್ಚಿಕೊಂಡು ಒಂಬತ್ತು ಜನರನ್ನು ಜೀವಂತ ಹೊರತೆಗೆದಿದ್ದರು. 'ಸಿಗ್ನಲ್ ಮೇಡಂ' ಎಂದರೆ ಅಲ್ಲಿ ಎಲ್ಲರಿಗೂ ಗೌರವ, ಸ್ವಲ್ಪ ಭಯ.

ಈಗ ಹತ್ತನೆಯ ನಂಬರ್ ಕಂಡಿತ್ತು. ಹತ್ತು ಮೀಟರ್ ದೂರ. ಎಲ್ಲರೂ ಓಡಿ ಬಂದು ಅಗೆದರು. ಅರ್ಧ ಗಂಟೆಯಲ್ಲಿ ಹತ್ತು ಏಳಾಯಿತು, ಏಳು ನಾಲ್ಕಾಯಿತು. ಆಮೇಲೆ ಮತ್ತೆ ಹತ್ತು!

ಚಪ್ಪಡಿಯಡಿ ಸಿಕ್ಕಿಕೊಂಡವರು ವಾಕಿಂಗ್ ಹೋಗುತ್ತಾರೆಯೇ?

ಕಾಂಕ್ರೀಟ್ ಕತ್ತರಿಸುವ ಯಂತ್ರ ಹಿಡಿದು ನಿಂತಿದ್ದವನೊಬ್ಬ ಮೆಲ್ಲಗೆ ಕೈ ಎತ್ತಿದ. ಮೈಯೆಲ್ಲ ಸಿಮೆಂಟ್ ಧೂಳು, ಕಣ್ಣಿನ ರೆಪ್ಪೆ ಕೂಡ ಬಿಳಿ. ತಂಡದವರೆಲ್ಲ ಅವನನ್ನು 'ಕಟರ್' ಎಂದೇ ಕರೆಯುತ್ತಿದ್ದರು.

"ನಂದೇ ಮೇಡಂ..."

"ನಿಮ್ಮದಾ? ಎಲ್ಲರೂ ಫೋನ್ ಆಫ್ ಮಾಡಿ ಅಂತ ಬೆಳಿಗ್ಗೆಯಿಂದ ಬಾಯಿ ಬಡ್ಕೊಳ್ತಿದ್ದೀನಿ, ಕೇಳಿಸ್ಲಿಲ್ವಾ? ಅರ್ಧ ಗಂಟೆ ನಿಮ್ಮ ಜೇಬನ್ನ ಅಗೆದ್ವಿ ನಾವು! ಅಷ್ಟರಲ್ಲಿ ಒಳಗಿರೋರ ಉಸಿರು ನಿಂತಿದ್ರೆ?"

ಧೂಳು ಮೆತ್ತಿದ ಆ ಕಣ್ಣುಗಳು ಅವಳನ್ನು ಒಮ್ಮೆ ನೋಡಿ ಕೆಳಗಿಳಿದವು. ಜಗಳಕ್ಕೆ ಬಂದಿದ್ದರೆ ಅವಳಿಗೆ ಸುಲಭವಿತ್ತು. ಈ ಮನುಷ್ಯ ಸುಮ್ಮನೆ ನಿಂತು ಬೈಸಿಕೊಂಡ!

"ತಪ್ಪಾಯ್ತು ಮೇಡಂ. ಇನ್ಮೇಲೆ ಆಫ್ ಇರುತ್ತೆ. ಆದ್ರೆ... ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ, ಐದೈದು ನಿಮಿಷ ಆನ್ ಮಾಡ್ಲಾ? ಒಂದು ಫೋನ್ ಬರುತ್ತೆ."

ಯಾರದು ಎಂದು ಕೇಳಬೇಕೆನಿಸಿತು. ಆದರೆ ಕೇಳಲು ಇವಳ್ಯಾರು?

"ಐದು ನಿಮಿಷ. ಆರಾದ್ರೆ ಫೋನ್ ನನ್ನ ಹತ್ರ ಇರುತ್ತೆ."

"ಆಗ್ಲಿ ಮೇಡಂ," ಎಂದು ಅವನು ನಕ್ಕ. ಬೈಸಿಕೊಂಡು ಹೀಗೆ ನಗುವವರನ್ನು ಅವಳು ಕಂಡಿರಲಿಲ್ಲ.

ಯಂತ್ರದಲ್ಲಿ 'ನಮ್ಮವರು' ಎಂಬ ಪಟ್ಟಿಯಿತ್ತು. ಕ್ಯಾಪ್ಟನ್, ಡಾಕ್ಟರ್... ಹೀಗೆ ಫೋನ್ ಆನ್ ಇಡಲೇಬೇಕಾದವರ ನಂಬರನ್ನು ಅದಕ್ಕೆ ಸೇರಿಸಿದರೆ ಪರದೆ ಅವರನ್ನು ತೋರಿಸುತ್ತಿರಲಿಲ್ಲ. ಒಳಗೆ ಸಿಕ್ಕಿಕೊಂಡವರು ಮಾತ್ರ ಕಾಣುತ್ತಿದ್ದರು. ನಿಯಮದ ಪ್ರಕಾರ ಕಟರನ ನಂಬರೂ ಅವತ್ತೇ ಅಲ್ಲಿ ಸೇರಬೇಕಿತ್ತು.

ಅವಳು ಸೇರಿಸಲಿಲ್ಲ. ಮರೆತಳಂತೆ! ಒಂದು ಗಂಟೆಗೆ ಸರಿಯಾಗಿ ಆ ನಾಲ್ಕು ಅಂಕಿ ಮೂಡಿದಾಗ ಎದೆ ಯಾಕೆ ಢವಢವ ಎನ್ನುತ್ತಿತ್ತು ಅಂತ ಅವಳನ್ನೇ ಕೇಳಬೇಕು.

ವಯಸ್ಸು ಮೂವತ್ತೊಂದು. ಊರೂರು ಸುತ್ತಿ ಕಂಡವರ ಫೋನ್ ಹುಡುಕುವ ಕೆಲಸ. ಅವಳಿಗೆ ಫೋನ್ ಮಾಡುವವರೆಂದರೆ ಅಣ್ಣ ಅತ್ತಿಗೆ, ಅದೂ ತಿಂಗಳಿಗೊಮ್ಮೆ. ಊಟ ಆಯಿತಾ ಎಂದು ಕೇಳುವ ಒಂದು ದನಿಗಾಗಿ ಅವಳು ಎಷ್ಟು ಹಂಬಲಿಸುತ್ತಿದ್ದಳು ಎಂಬುದು ಬಾಡಿಗೆ ಕೋಣೆಯ ಗೋಡೆಗಳಿಗಷ್ಟೇ ಗೊತ್ತಿತ್ತು.

ಇಲ್ಲಿ ಆ ದನಿ ವಾಕಿಟಾಕಿಯಲ್ಲಿ ಬರುತ್ತಿತ್ತು. ಅವನು ಹೊಟ್ಟೆಯ ಮೇಲೆ ತೆವಳುತ್ತ ಕಿಂಡಿಯೊಳಗೆ ಹೋಗುತ್ತಿದ್ದ, ಇವಳು ಹೊರಗೆ ನಿಂತು ದಾರಿ ಹೇಳುತ್ತಿದ್ದಳು.

"ಎಡಕ್ಕೆ... ಇನ್ನೆರಡು ಮೀಟರ್. ಹುಷಾರು!"

"ನೀವು ಹೇಳಿದ್ರೆ ಕಣ್ಮುಚ್ಕೊಂಡು ಹೋಗ್ತೀನಿ ಮೇಡಂ. ಇಲ್ಲಿ ಕಣ್ಣು ಬಿಟ್ರೂ ಏನೂ ಕಾಣಲ್ಲ, ಅದು ಬೇರೆ ಮಾತು. ನೀವು ಊಟ ಮಾಡಿದ್ರಾ?"

"ಮೊದಲು ಹೊರಗೆ ಬನ್ನಿ!"

'ಬಾ... ಬೇಗ ಹೊರಗೆ ಬಾ' ಎಂದು ಅವಳ ಮನಸ್ಸು ಏಕವಚನಕ್ಕಿಳಿದು ಎಷ್ಟೋ ಹೊತ್ತಾಗಿತ್ತು.

ಭೂಕಂಪವಾಗಿ ನಾಲ್ಕನೆಯ ದಿನ ಮಧ್ಯಾಹ್ನ ಒಂದಕ್ಕೆ ಅವಳು ನೀರಿನ ಬಾಟಲಿ ಹಿಡಿದು ಅವನನ್ನು ಹುಡುಕಿಕೊಂಡು ಹೋದಳು. ಲಾರಿಯ ಹಿಂದೆ ಅವನು ಕುಕ್ಕರಗಾಲಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಅಷ್ಟು ಮೃದುವಾದ ದನಿಯನ್ನು ಅವಳು ಕೇಳಿರಲೇ ಇಲ್ಲ.

"ಊಟ ಮಾಡ್ದ್ಯಾ ಬಂಗಾರಿ?... ಅಳಬಾರದು ಅಂತ ಹೇಳಿದ್ದೆ ತಾನೇ? ಬರ್ತೀನಿ... ನಿಂಗೆ ಮಾತು ಕೊಟ್ಟಿದ್ದೀನಲ್ಲ..."

ಅವಳು ಬಂದ ದಾರಿಯಲ್ಲೇ ತಿರುಗಿದಳು. ಹೆಂಡತಿಯೋ ಮಗಳೋ, ಯಾರಾದರೇನು? ಲೆಕ್ಕ ಒಂದೇ!

'ಛೀ! ಸಂಸಾರಸ್ಥನ ನಂಬರನ್ನು ದಿನಾ ಎರಡು ಹೊತ್ತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆನಲ್ಲ... ನಾಚಿಕೆಯಾಗಬೇಕು ನನಗೆ.'

ಕಣ್ಣು ತುಂಬಿ ಪರದೆ ಮಸುಕಾಯಿತು. ಅವಳು ಆ ನಾಲ್ಕು ಅಂಕಿಗಳನ್ನು ಒತ್ತಿ ಹಿಡಿದು 'ನಮ್ಮವರು' ಪಟ್ಟಿಗೆ ತಳ್ಳಿದಳು. ಇನ್ನು ಕಾಣುವುದಿಲ್ಲ. ಕಾಣದಿದ್ದರೆ ಮನಸ್ಸೂ ತೆಪ್ಪಗಿರುತ್ತದೆ ಎಂದುಕೊಂಡಳು, ಹುಚ್ಚಿ.

ಎರಡು ಗಂಟೆಗೆ ಪರದೆಯಲ್ಲಿ ಉಳಿದದ್ದು ಒಂದೇ ಸಿಗ್ನಲ್, ಮೆಟ್ಟಿಲ ಕಡೆಯಿಂದ, ತೀರ ಕ್ಷೀಣ. ಕಟರ್ ಆಫ್ ಆಗಿದ್ದ ಫೋನನ್ನು ಜೇಬಿಗೆ ಹಾಕಿಕೊಂಡು, ಹೊರಡಲು ಸಿದ್ಧನಾಗಿ ಅವಳೆದುರು ನಿಂತ.

"ಮೇಡಂ, ಮುಖ ಯಾಕೆ ಹಿಂಗಿದೆ? ನಾನೇನಾದ್ರೂ ತಪ್ಪು ಮಾಡಿದ್ನಾ?"

"ಕೆಲಸ ನೋಡಿ," ಎಂದಳು ಮುಖ ತಿರುಗಿಸಿ.

ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದ. ಆಮೇಲೆ ಕಿಂಡಿಯೊಳಗೆ ನುಸುಳಿದ.

ಮೂರು ಗಂಟೆಗೆ ಆ ಸಿಗ್ನಲ್ ಆರಿತು, ಬ್ಯಾಟರಿ ಮುಗಿದಿರಬೇಕು. ಮೂರೂವರೆಗೆ ನೆಲ ಮತ್ತೆ ನಡುಗಿತು. ಕಣ್ಣೆದುರಿಗೇ ಗುಡ್ಡೆ ಕುಸಿದು, ಕಿಂಡಿಯ ಬಾಯಿ ಮುಚ್ಚಿಹೋಯಿತು!

"ಕಟರ್! ಕಟರ್, ಕೇಳಿಸ್ತಿದೆಯಾ? ಮಾತಾಡಿ! ಒಂದ್ ಸಲ ಮಾತಾಡಿ..."

ವಾಕಿಟಾಕಿಯಲ್ಲಿ ಬರೀ ಗರಗರ ಸದ್ದು. ನಾಲ್ಕು ಗಂಟೆಗೆ ಕ್ಯಾಪ್ಟನ್ ಅವನ ಮೊಬೈಲಿಗೆ ಕರೆ ಮಾಡಿದರು. ಸ್ವಿಚ್ ಆಫ್. ಅವಳೇ ಆಫ್ ಮಾಡಿಸಿದ್ದು!

ಎಲ್ಲರೂ ಕಿಂಡಿಯ ಬಾಯಿಯಲ್ಲಿ ಅಗೆಯುತ್ತಿದ್ದರೆ ಅವಳು ಪರದೆ ಹಿಡಿದು ಕಲ್ಲಾಗಿ ಕೂತಳು. ಐದಕ್ಕೆ ಆನ್ ಮಾಡುತ್ತಾನೆ. ಉಸಿರಿದ್ದರೆ ಮಾಡೇ ಮಾಡುತ್ತಾನೆ. 'ನನಗಾಗಿ ಬೇಡ... ಅವನ ಬಂಗಾರಿಗಾಗಿಯಾದರೂ ಆನ್ ಮಾಡಲಿ ದೇವರೇ!'

ಐದಾಯಿತು. ಪರದೆ ಖಾಲಿ.

ಐದೂ ಕಾಲು. ಐದೂವರೆ. ಖಾಲಿ.

ಪರದೆಯೇ ಖಾಲಿ ಇರುವಾಗ ಮತ್ತೆ ಕರೆ ಮಾಡಿ ನೋಡಲು ಯಾರಿಗೂ ಹೊಳೆಯಲಿಲ್ಲ. ಕ್ಯಾಪ್ಟನ್ ಪಕ್ಕದಲ್ಲಿ ಬಂದು ಕೂತರು. ಅಪ್ಪನ ವಯಸ್ಸಿನವರು. "ಅಗೆಯೋದು ನಿಲ್ಸಲ್ಲ ಮಗಳೇ. ಆದ್ರೆ ಮನಸ್ಸು ಗಟ್ಟಿ ಮಾಡ್ಕೋ. ಜೀವ ಇದ್ದಿದ್ರೆ ಆನ್ ಮಾಡ್ತಿದ್ದ."

ಅಷ್ಟರಲ್ಲಿ ಕ್ಯಾಪ್ಟನ್ ಫೋನ್ ಹೊಡೆದುಕೊಂಡಿತು. ಅವರು ಸ್ಪೀಕರ್ ಒತ್ತಿದರು.

"ಸಾರ್, ಆಸ್ಪತ್ರೆ ಮಕ್ಕಳ ವಾರ್ಡಿಂದ ನರ್ಸ್ ಮಾತಾಡ್ತಿರೋದು. ನಿಮ್ಮ ಕಟರ್ ಯಾಕೆ ಫೋನ್ ಎತ್ತುತ್ತಿಲ್ಲ? ಅವರು ಹೊರಗೆ ತೆಗೆದ್ರಲ್ಲ, ಆ ಹುಡುಗಿ ತುತ್ತು ಮುಟ್ತಿಲ್ಲ. ದಿನಾ ಎರಡು ಹೊತ್ತು ಅವರ ಹತ್ರ ಮಾತಾಡಿದ್ಮೇಲೇನೇ ಊಟ. 'ನಿಮ್ಮಮ್ಮನ್ನ ಹುಡುಕಿ ಕರ್ಕೊಂಡೇ ಬರ್ತೀನಿ' ಅಂತ ಅವಳಿಗೆ ಮಾತು ಕೊಟ್ಟಿದ್ದಾರೆ. ಐದರಿಂದ ಮಾಡ್ತಾನೇ ಇದ್ದೀನಿ, ಬರೀ ರಿಂಗ್ ಆಗುತ್ತೆ..."

ಬಂಗಾರಿ! ಹೆಂಡತಿಯೂ ಅಲ್ಲ, ಮಗಳೂ ಅಲ್ಲ. ಅಮ್ಮನಿಗಾಗಿ ಕಾಯುತ್ತಿರುವ ಯಾರದೋ ಕೂಸು...

ಮರುಕ್ಷಣ ಅವಳು ಫೋನ್ ಕಿತ್ತುಕೊಂಡಳು. "ಏನಂದ್ರಿ? ರಿಂಗ್ ಆಗ್ತಿದೆಯಾ? ಸ್ವಿಚ್ ಆಫ್ ಅಂತ ಬರ್ತಿಲ್ವಾ?"

"ಇಲ್ಲಮ್ಮ, ರಿಂಗೇ!"

ರಿಂಗ್ ಆಗುತ್ತಿದ್ದರೆ ಫೋನ್ ಆನ್ ಇದೆ. ಆನ್ ಇದ್ದರೆ ಪರದೆಯಲ್ಲಿ ಯಾಕೆ...

ಅಯ್ಯೋ!

ಅವಳು 'ನಮ್ಮವರು' ಪಟ್ಟಿ ತೆರೆದು ಕೊನೆಯ ನಂಬರನ್ನು ಹೊರತೆಗೆದಳು. ಪರದೆಯ ನಡುವೆ ಆ ನಾಲ್ಕು ಅಂಕಿ ಮೂಡಿದವು. ಒಂಬತ್ತು ಮೀಟರ್. ಕಿಂಡಿಯ ಕಡೆಯಲ್ಲ, ಮೆಟ್ಟಿಲ ಕಡೆ. ನಲವತ್ತು ನಿಮಿಷದಿಂದ ಅವನು ಅಲ್ಲೇ ಇದ್ದ!

"ಅಲ್ಲಿ ಬೇಡ! ಇಲ್ಲಿ ಬನ್ನಿ! ಇದ್ದಾನೆ... ನಮ್ಮ ಕಟರ್ ಇಲ್ಲಿದ್ದಾನೆ!"

ಯಂತ್ರ ಬೆನ್ನಲ್ಲೇ ಇರುವಾಗ ಅವಳೂ ಬರಿಗೈಯಲ್ಲಿ ಕಲ್ಲು ಎತ್ತಿ ಹಾಕಿದಳು. ಉಗುರು ಕಿತ್ತು ರಕ್ತ ಬಂದದ್ದು ತಿಳಿಯಲಿಲ್ಲ. ಎರಡು ಗಂಟೆಯ ಮೇಲೆ ಚಪ್ಪಡಿಯ ಕೆಳಗಿನಿಂದ ಅವನ ದನಿ ಕೇಳಿತು.

"ಮೊದಲು ಇವರನ್ನ ತಗೊಳ್ಳಿ. ಹುಷಾರು, ಕಾಲಿಗೆ ಪೆಟ್ಟಾಗಿದೆ."

ಮೊದಲು ಆ ಹುಡುಗಿಯ ಅಮ್ಮ ಹೊರಬಂದಳು, ಉಸಿರಾಡುತ್ತ. ಆಮೇಲೆ ಅವನು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳು ಅವನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಅವನ ಬಲಗೈಗೆ ಪ್ಲಾಸ್ಟರ್, ಎರಡು ಪಕ್ಕೆಲುಬು ಮುರಿದಿದ್ದವು. ಧೂಳು ತೊಳೆದ ಮೇಲೆ ರೆಪ್ಪೆ ಕಪ್ಪು ಎಂಬುದು ಮೊದಲ ಸಲ ಗೊತ್ತಾಯಿತು.

"ನಿಮ್ಮಿಂದ ಬದುಕಿದೆ ಮೇಡಂ. ಜೇಬಿಗೆ ಕೈ ತಲುಪೋ ಹೊತ್ತಿಗೇ ಐದಾಗಿತ್ತು, ಎಡಗೈಲಿ ಹೆಂಗೋ ಫೋನ್ ಆನ್ ಮಾಡ್ದೆ. ಆಮೇಲೆ ಜಾರಿ ಬಿತ್ತು, ಕೈಗೆ ಎಟುಕಲಿಲ್ಲ. ಆದ್ರೂ ಹೆದರಿಕೆ ಆಗ್ಲಿಲ್ಲ. ಆ ಕ್ಷಣದಿಂದ ನೀವು ನನ್ನ ನೋಡ್ತಿದ್ದೀರಿ ಅಂತ ಗೊತ್ತಿತ್ತಲ್ಲ! ಆ ಅಮ್ಮನಿಗೂ ಅದನ್ನೇ ಹೇಳಿ ಹೇಳಿ ಧೈರ್ಯ ತುಂಬಿದೆ."

ಅವಳು ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನ ಆ ನಂಬಿಕೆಯ ಮುಖ ನೋಡಿಕೊಂಡು ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವಳಿಂದಾಗಲಿಲ್ಲ.

"ನೋಡ್ತಿರ್ಲಿಲ್ಲ," ಎಂದಳು. "ನಲವತ್ತು ನಿಮಿಷ ನಾನು ನಿಮ್ಮನ್ನ ನೋಡ್ಲೇ ಇಲ್ಲ. ನಿಮ್ಮ ನಂಬರ್ ಕಾಣದ ಹಾಗೆ ನಾನೇ ಮಾಡಿದ್ದೆ..."

ಅವನ ನಗು ನಿಂತಿತು.

"ಯಾಕೆ?" ಎಂದ ಅವಳತ್ತ ತಿರುಗಿ.

"ಅದೊಂದನ್ನೇ ನೋಡ್ತಾ ಕೂರ್ತಿದ್ದೆ, ಅದಕ್ಕೆ! ಒಂದು ಗಂಟೆ ಯಾವಾಗ ಆಗುತ್ತೆ, ಐದು ಯಾವಾಗ ಆಗುತ್ತೆ ಅಂತ ಕಾಯ್ತಿದ್ದೆ. ಆಮೇಲೆ ನೀವು ಬಂಗಾರಿ ಅಂದಿದ್ದು ಕೇಳಿಸ್ತು. ಹೆಂಡತಿ ಇದ್ದಾಳೆ ಅಂದ್ಕೊಂಡೆ. ತಡ್ಕೊಳ್ಳೋಕೆ ಆಗ್ಲಿಲ್ಲ... ನನ್ನ ಹೊಟ್ಟೆಕಿಚ್ಚಿಗೆ ನಿಮ್ಮ ಪ್ರಾಣ ಹೋಗ್ತಿತ್ತು. ಬೈದುಬಿಡಿ ನನ್ನ!"

ಅವನಿಗೆ ನಗು ತಡೆಯಲಾಗಲಿಲ್ಲ. ಪಕ್ಕೆಲುಬು ಹಿಡಿದು "ಅಮ್ಮಾ!" ಎಂದು ನರಳಿ ಮತ್ತೆ ನಕ್ಕ.

"ನನಗೆ ಹೆಂಡ್ತಿನಾ? ನಮ್ಮಮ್ಮ ಮೂರು ಕಡೆ ಸಂಬಂಧ ಕೇಳಿದ್ರು. ಮೂವರೂ ಒಂದೇ ಮಾತು. ಮಣ್ಣಲ್ಲಿ ತೆವಳೋ ಗಂಡ ಬೇಡ, ಇವತ್ತಿದ್ದು ನಾಳೆ ಇಲ್ಲ ಅಂದ್ರು."

"ನನಗೆ ಬೇಕು."

ಮಾತು ಬಾಯಿಂದ ಜಾರಿಯೇ ಹೋಯಿತು. ಅವಳು ತುಟಿ ಕಚ್ಚಿಕೊಂಡಳು. ಪಕ್ಕದ ಮಂಚದ ಮುದುಕ ಕೂಡ ಕೆಮ್ಮು ನಿಲ್ಲಿಸಿ ಇತ್ತ ತಿರುಗಿದ.

ಅವನು ಎಡಗೈ ಚಾಚಿ, ಅವಳ ಬ್ಯಾಂಡೇಜ್ ಸುತ್ತಿದ ಬೆರಳುಗಳನ್ನು ನೋವಾಗದ ಹಾಗೆ ಹಿಡಿದುಕೊಂಡ. ಅವನ ಕಣ್ಣಂಚಿನಲ್ಲೂ ನೀರಿತ್ತು.

"ಒಳಗೆ ಕತ್ತಲಲ್ಲಿ ಒಂದೇ ಯೋಚನೆ ನಂಗೆ. ಹೊರಗೆ ಹೋದ್ರೆ ಇದನ್ನ ಹೇಳ್ಬೇಕು, ಹೆಂಗೆ ಹೇಳೋದು, ಬೈತಾರೇನೋ ಅಂತ. ನೀನೇ ಹೇಳಿಬಿಟ್ಟೆ... ನನ್ನ ಕೆಲಸ ಸುಲಭ ಆಯ್ತು."

ಅವಳು ಅಳುತ್ತಲೇ ನಕ್ಕಳು. "ನೀನಾ? ಮೇಡಂ ಎಲ್ಲಿ ಹೋದ್ರು?"

"ಮೇಡಂ ಕೆಲಸದ ಜಾಗದಲ್ಲಿದ್ದಾರೆ. ಇಲ್ಲಿ ನೀನು ಸಾಕು." ಅವನ ಕಣ್ಣು ಔಷಧಿಯ ಮಂಪರಿಗೆ ಮುಚ್ಚಿಕೊಳ್ಳತೊಡಗಿತ್ತು. "ನಿದ್ದೆ ಬರ್ತಿದೆ. ಎದ್ದಾಗ ಇರ್ತೀಯಾ?"

"ಇರ್ತೀನಿ. ಮಲಗು."